ಮಾಗಿಗೆ ಮುನ್ನ ಒಂದು ಕೌದಿ

ಧಾರವಾಡಕ್ಕೆ ಚಳಿ ಒಮ್ಮೆಲೇ ಬರುವುದಿಲ್ಲ. ಸೀಗಿ ಹುಣ್ಣಿಮೆಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ದೀಪಾವಳಿ ಕಳೆಯುವಷ್ಟರಲ್ಲಿ ಮೂಡಣ ಗಾಳಿ ಬೀಸತೊಡಗುತ್ತದೆ, ಗೌರಿ ಹುಣ್ಣಿಮೆಯ ಸಂಜೆ ಸಕ್ಕರೆ ಆರತಿಯ ತಟ್ಟೆ ಹಿಡಿದು ಹೊರಟ ಹೆಣ್ಣುಮಕ್ಕಳ ಹೆಗಲ ಮೇಲೆ ಶಾಲು ಕಾಣಿಸಿಕೊಳ್ಳುತ್ತದೆ. ಮನೆಯೊಳಗೆ ಇದಕ್ಕಿಂತ ಖಚಿತವಾದ ಗುರುತುಗಳಿವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಬೆಳಿಗ್ಗೆ ಮಗಳಿಗೆ ಜಡೆ ಹಾಕಲು ಬಾಟಲಿ ಬಗ್ಗಿಸಿದಾಗ ಎಣ್ಣೆ ಇಳಿಯದೆ ನಿಂತಿತೆಂದರೆ ರಾತ್ರಿ ಎಷ್ಟು ತಂಪಾಗಿತ್ತು ಎಂಬುದು ತಿಳಿಯುತ್ತದೆ. ಹಾಲಿಗೆ ಹಾಕಿದ ಹೆಪ್ಪು ಬೆಳಗಾದರೂ ಹಿಡಿದಿರುವುದಿಲ್ಲ. ಅತ್ತೆಯವರು ಮೊಸರಿನ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕಕ್ಕೆ ಸರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಿಗೆಯಲ್ಲಿ ನೆತ್ತಿಯ ಮೇಲೆಯೇ ಹಾದುಹೋಗುತ್ತಿದ್ದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಹದಿನೈದು ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲಿರುವ ನಮ್ಮ ಊರಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ಐವತ್ತು ಡಿಗ್ರಿಗಿಂತ ಹೆಚ್ಚೇನೂ ಏರುವುದಿಲ್ಲವಾದ್ದರಿಂದ, ವರ್ಷದ ಉಳಿದ ದಿನಗಳಲ್ಲಿ ಹೊಸ್ತಿಲಾಚೆಯೇ ನಿಲ್ಲುತ್ತಿದ್ದ ಬಿಸಿಲು ಈಗ ದಕ್ಷಿಣದ ಕಿಟಕಿಯಿಂದ ಪಡಸಾಲೆಯ ಅರ್ಧದವರೆಗೂ ಬಂದು ಹರಡುತ್ತದೆ.

ಆ ಬಿಸಿಲು ಬಂದಿತೆಂದರೆ ನಮ್ಮ ಮನೆಯಲ್ಲಿ ಕೌದಿಯ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆಯ, ಮಾತು ಶುರುವಾಗುತ್ತದೆ.

ಕೌದಿಗೆ ಈ ಕಾಲವೇ ಆಗಬೇಕು ಎಂಬುದಕ್ಕೆ ಕಾರಣಗಳಿವೆ. ಧಾರವಾಡ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿ, ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಇಲ್ಲಿನ ಮಳೆಗಾಲದಲ್ಲಿ ಗಂಟು ಕಟ್ಟಿಟ್ಟ ಹಳೆಯ ಬಟ್ಟೆಗಳು ಮುಗ್ಗಲು ವಾಸನೆ ಹಿಡಿಯುತ್ತವೆ. ಹಲವು ಪದರಗಳ ಕೌದಿಯನ್ನು ಒಗೆದರೆ ದಿನಗಟ್ಟಲೆ ಒಣಗುವುದಿಲ್ಲ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕುವ ಪದ್ಧತಿ ಈ ಭಾಗದ ಹಲವು ಹಳ್ಳಿಗಳಲ್ಲಿ ಇದೆ. ಯಾವ ಕೌದಿ ಇನ್ನೊಂದು ಚಳಿಗಾಲವನ್ನು ತಡೆಯುತ್ತದೆ, ಯಾವುದು ಜಾಲರಿಯಾಗಿದೆ, ಯಾವುದನ್ನು ಮತ್ತೊಂದು ಕೌದಿಯ ಹೊಟ್ಟೆಗೆ ಸೇರಿಸಬಹುದು ಎಂಬ ಲೆಕ್ಕ ಆಗಲೇ ಆಗಿರುತ್ತದೆ. ಹಳೆಯ ಕೌದಿ ಹೊಸ ಕೌದಿಯ ಒಳಪದರವಾಗುವುದು ಇಲ್ಲಿ ಸಾಮಾನ್ಯ. ಈಗ ನಮ್ಮ ಮಕ್ಕಳು ಹೊದೆಯುವ ಕೌದಿಯೊಂದರ ಒಳಗೆ, ಅತ್ತೆಯವರ ಅತ್ತೆ ಹೊಲಿದದ್ದು ಹಾಗೇ ಇದೆಯಂತೆ.

ಅತ್ತೆಯವರು ನವಲಗುಂದದ ಕಡೆಯ ಎರೆಹೊಲದ ಹಳ್ಳಿಯವರು. ಅವರ ಊರಿನಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತಿದ ಮೇಲೆ ಹೊಲದ ಕೆಲಸ ಸ್ವಲ್ಪ ಹಗುರಾಗುತ್ತದೆ. ಎರೆಮಣ್ಣು ಹಿಡಿದಿಟ್ಟುಕೊಂಡ ಮಳೆಯ ತೇವದಲ್ಲಿ ಮತ್ತು ಮಾಗಿಯ ಇಬ್ಬನಿಯಲ್ಲಿ ಬೆಳೆ ತಾನೇ ಬೆಳೆಯುತ್ತಿರುವ ಈ ನಡುವಿನ ವಾರಗಳಲ್ಲಿಯೇ ಅಲ್ಲಿಯ ಹೆಂಗಸರು ಕೌದಿಗೆ ಕೂರುತ್ತಿದ್ದರು. ಪಟ್ಟಣದ ಮನೆಯಲ್ಲಿ ಬಿತ್ತುವ ಕೆಲಸವೂ ಇಲ್ಲ, ಕುಯ್ಯುವ ಕೆಲಸವೂ ಇಲ್ಲ. ಆದರೂ ಅವರ ಕೈಗೆ ಆ ಲೆಕ್ಕ ಮರೆತಿಲ್ಲ. ಕಾರ್ತಿಕದ ಮಧ್ಯಾಹ್ನ ಊಟವಾದ ಮೇಲೆ ಅವರು ಅಟ್ಟದ ಮೇಲಿನ ಗಂಟುಗಳನ್ನು ಇಳಿಸಲು ನನ್ನ ಯಜಮಾನರಿಗೆ ಹೇಳುತ್ತಾರೆ, ನವಲಗುಂದದ ಹಳೆಯ ಜಮಖಾನೆಯನ್ನು ಪಡಸಾಲೆಯಲ್ಲಿ ಹಾಸುತ್ತಾರೆ, ಅದರ ಮೇಲೆ ಗಂಟು ಬಿಚ್ಚುತ್ತಾರೆ.

ಬಟ್ಟೆ ಆರಿಸುವುದೇ ಕೌದಿಯ ಮೊದಲ ಕಲೆ ಎಂದು ನಾನು ನಂಬಿದ್ದೇನೆ. ಅತ್ತೆಯವರು ಪ್ರತಿಯೊಂದು ತುಂಡನ್ನೂ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ, ಆಮೇಲೆ ಅಡ್ಡಕ್ಕೆ ಎಳೆಯುತ್ತಾರೆ, ಕೊನೆಗೆ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಬೆಳಕಿನಲ್ಲಿ ಎಳೆ ತೆಳುವಾದ ಜಾಗ ಕಾಣುತ್ತದೆ, ಎಳೆದಾಗ ಅದರ ಬಲ ತಿಳಿಯುತ್ತದೆ, ಕೆನ್ನೆಗೆ ಅದರ ಮೆದುತನ ತಿಳಿಯುತ್ತದೆ. ಹೊಸ ಹತ್ತಿ ಬಟ್ಟೆಯನ್ನು ಅವರು ಎಂದೂ ಸೇರಿಸುವುದಿಲ್ಲ. ಹೊಸದು ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಹಳೆಯದು ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಒಂದೇ ಹೊಲಿಗೆಯಲ್ಲಿ ಕಟ್ಟಿದರೆ ಕೌದಿ ಮುದುಡಿಕೊಳ್ಳುತ್ತದೆ. ಅಸ್ತರಿಗೆ ಮಾವನವರ ಹಳೆಯ ಧೋತರಗಳು, ನಡುವಿನ ಪದರಗಳಿಗೆ ಬಣ್ಣ ಹೋದ ನೂಲಿನ ಸೀರೆಗಳು, ಮೇಲ್ಮುಖಕ್ಕೆ ಇನ್ನೂ ಬಣ್ಣ ಉಳಿಸಿಕೊಂಡ ತುಂಡುಗಳು. ಇಳಕಲ್ ಸೀರೆಯ ಒಡಲು ನೂಲಿನದಾದರೂ ಸೆರಗು ರೇಷ್ಮೆಯದು. ಆ ಟೋಪ ತೆನಿ ಸೆರಗು ಒಳಪದರಕ್ಕೆ ಬಾರದು, ಏಕೆಂದರೆ ಜಾರುತ್ತದೆ ಮತ್ತು ಮಡಿಕೆ ಬಿದ್ದಲ್ಲಿ ಸೀಳುತ್ತದೆ. ಅದನ್ನು ಬೇರೆಯಾಗಿ ತೆಗೆದಿಟ್ಟು, ಗಟ್ಟಿ ಉಳಿದ ಭಾಗವನ್ನು ಮೇಲ್ಮುಖದ ಮೂಲೆಗಳಿಗೆ ಬಳಸುತ್ತೇವೆ. ಗೋಮಿ, ಗಾಡಿ, ಚಿಕ್ಕಿ ಪರಾಸ ಎಂದು ಸೀರೆಯಂಚಿನ ದಡಿಗಳನ್ನು ಹೆಸರು ಹಿಡಿದು ಗುರುತಿಸುವುದನ್ನು ನನ್ನ ಮಗಳು ಶಾಲೆಯಲ್ಲಲ್ಲ, ಈ ಗಂಟಿನ ಮುಂದೆಯೇ ಕಲಿತಳು. ಗುಳೇದಗುಡ್ಡದ ಖಣದ ಕುಪ್ಪಸಗಳು ಕಂಕುಳಲ್ಲಿ ಹರಿದಿರುತ್ತವೆ, ಬೆನ್ನಿನ ಭಾಗ ಮಾತ್ರ ಹೊಸದರಂತಿರುತ್ತದೆ. ಒಂದು ಅಂಗೈ ಅಗಲದ ಖಣದ ತುಂಡು ಸಿಕ್ಕರೂ ಸಾಕು, ಕೌದಿಯ ಒಂದು ಮೂಲೆ ಬೆಳಗುತ್ತದೆ.

ಆಮೇಲೆ ಜೋಡಣೆ. ತುಂಡುಗಳನ್ನು ನೆಲದ ಮೇಲೆ ಹರಡಿ, ಅತ್ತೆಯವರು ಮೊಣಕಾಲು ನೋವನ್ನು ಸಹಿಸಿಕೊಂಡು ಅಟ್ಟದ ಮೆಟ್ಟಿಲುಗಳನ್ನು ನಾಲ್ಕು ಏರಿ ನಿಂತು ಮೇಲಿನಿಂದ ನೋಡುತ್ತಾರೆ. ಚಿತ್ರಕಲೆಯ ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸಿಗೆ, ಗಾಢವಾದ ಎರಡು ತುಂಡುಗಳ ನಡುವೆ ಇಟ್ಟ ಒಂದು ಚಿಕ್ಕ ಹಳದಿ ತ್ರಿಕೋನ ಕೋಣೆಯ ಆ ತುದಿಯಿಂದಲೂ ಕಣ್ಣಿಗೆ ಬೀಳುತ್ತದೆ ಎಂಬುದು ಗೊತ್ತು. ಅದೇ ಹಳದಿಯನ್ನು ದೊಡ್ಡದಾಗಿ ಹಾಕಿದರೆ ಸುತ್ತಲಿನ ಬಣ್ಣಗಳೆಲ್ಲ ಮಂಕಾಗುತ್ತವೆ ಎಂಬುದೂ ಗೊತ್ತು. ಈ ವರ್ಷ ಮಗಳು ಅಂಚಿನುದ್ದಕ್ಕೂ ಹಳದಿ ಬರಬೇಕೆಂದು ಹಟ ಹಿಡಿದಳು. ಅಜ್ಜಿ ಒಪ್ಪಲಿಲ್ಲ. “ಅಂಚು ಕೈಯಾಗ ಹಿಡಿಯೂದು, ಕಾಲಿಗೆ ತಾಗೂದು, ಮುಖಕ್ಕ ಎಳಕೊಳ್ಳೂದು. ಮೊದಲ ಹೊಲಸಾಗೂದ ಅದು. ಅಲ್ಲಿ ಕಪ್ಪು, ಕೆಂಪು ಇರಲಿ, ನಿನ್ನ ಹಳದಿ ಒಳಗ ಬರಲಿ” ಎಂದರು. ಉಪಯೋಗದ ವಿಚಾರವೂ ಚೆಲುವಿನ ವಿಚಾರವೂ ಆ ಮಾತಿನಲ್ಲಿ ಬೇರೆಬೇರೆಯಾಗಿರಲಿಲ್ಲ. ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತು, ಬಳಿಕ ತಾನೂ ಮೆಟ್ಟಿಲು ಹತ್ತಿ ನೋಡಿ, ಒಳಗಿನ ಎರಡನೆಯ ಸಾಲಿನಲ್ಲಿ ಹಳದಿಯನ್ನು ಒಂದು ಬಿಟ್ಟು ಒಂದರಂತೆ ತಾನೇ ಜೋಡಿಸಿದಳು. ಅದೇ ಉಳಿಯಿತು.

ಪದರಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗಳಿಗೂ ಭಾರ ಇಟ್ಟು, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇವೆ. ಆಮೇಲೆ ದಪ್ಪ ನೂಲನ್ನು ಮೇಣಕ್ಕೆ ತಿಕ್ಕಿ, ಹೊರ ಅಂಚಿನಿಂದ ಒಳಕ್ಕೆ, ಒಂದು ಬೆರಳ ಅಂತರ ಬಿಟ್ಟು ಸಾಲು ಸಾಲಾಗಿ ಹೊಲಿಯುತ್ತ ಬರುವುದು. ಕೌದಿಯಲ್ಲಿ ಬಳಸುವ ಹೊಲಿಗೆ ಅತ್ಯಂತ ಸರಳವಾದದ್ದು; ಸೂಜಿ ಕೆಳಕ್ಕೆ ಹೋಗಿ ಮೇಲಕ್ಕೆ ಬರುತ್ತದೆ, ಅಷ್ಟೇ. ಕೈ ಪಳಗಿದವರು ಸೂಜಿಯ ಮೇಲೆ ಐದಾರು ಹೊಲಿಗೆಗಳನ್ನು ಒಟ್ಟಿಗೆ ಏರಿಸಿಕೊಂಡು ಒಮ್ಮೆಲೇ ದಾರ ಎಳೆಯುತ್ತಾರೆ. ಈ ಸಾಲುಗಳು ಬರಿಯ ಅಲಂಕಾರವಲ್ಲ. ಬಟ್ಟೆಗೆ ತನ್ನದೇ ಆದ ಶಾಖವಿಲ್ಲ. ಪದರಗಳ ನಡುವೆ ಸಿಕ್ಕಿ ಅಲುಗದೆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುವುದು. ಸಾಲುಗಳು ಒತ್ತೊತ್ತಾಗಿದ್ದಷ್ಟೂ ಪದರಗಳು ಜಾರುವುದಿಲ್ಲ, ಒಗೆತಕ್ಕೆ ತಡೆಯುತ್ತವೆ. ಆದರೆ ದಾರವನ್ನು ತೀರ ಬಿಗಿದು ಎಳೆದರೆ ಪದರಗಳು ಅಂಟಿಕೊಂಡು ಗಾಳಿಗೆ ಜಾಗವೇ ಇಲ್ಲದಂತಾಗಿ, ಕೌದಿ ಭಾರವಾಗಿಯೂ ಬೆಚ್ಚಗಿರುವುದಿಲ್ಲ. ದಾರವನ್ನು ಎಲ್ಲಿಯವರೆಗೆ ಎಳೆದು ಬಿಡಬೇಕು ಎಂಬುದು ಹೇಳಿಕೊಡಲು ಬರುವ ವಿದ್ಯೆಯಲ್ಲ, ಬೆರಳಿಗೆ ತಾನಾಗಿ ಬರಬೇಕು.

ಇಲ್ಲಿಗೆ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಸೃಜನಶೀಲ ಕೆಲಸಕ್ಕೆ ಏಕಾಂತ ಬೇಕು, ಕದಲದ ಹೊತ್ತು ಬೇಕು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ, ಮತ್ತು ಕೆಲವು ಕಲೆಗಳ ಮಟ್ಟಿಗೆ ಅದು ಸರಿಯೂ ಹೌದು. ನನಗೆ ಕಸೂತಿಯೂ ಬರುತ್ತದೆ. ಅದನ್ನು ನನ್ನ ಅವ್ವ ಕಲಿಸಿದ್ದು. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಧಾರವಾಡದ ಕಸೂತಿ ಎಳೆ ಎಣಿಸಿ ಮಾಡುವ ಕೆಲಸ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ಆನೆ ಅಂಬಾರಿ, ತೊಟ್ಟಿಲು, ತುಳಸಿ ವೃಂದಾವನ ಎಲ್ಲವೂ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ಎಲ್ಲಿಯೂ ಗಂಟು ಕಾಣುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬಬೇಕು, ಹಾಗಾದರೆ ಮಾತ್ರ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತದೆ. ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಮದುವೆಗಾಗಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಲು ಕೂತವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದರು. ಆ ಏಕಾಗ್ರತೆಗೆ ನಾನು ತಲೆಬಾಗುತ್ತೇನೆ, ಆ ಕೆಲಸವನ್ನು ಈಗಲೂ ಪ್ರೀತಿಸುತ್ತೇನೆ. ಆದರೆ ಕಾಲೇಜಿನಲ್ಲಿ ಪಾಠ, ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆಯವರು, ಬರುವ ಹೋಗುವ ನೆಂಟರು ಇರುವ ನನ್ನ ಈಗಿನ ಬದುಕಿನಲ್ಲಿ ಎಳೆ ಎಣಿಸುವಷ್ಟು ಹೊತ್ತು ಒಟ್ಟಿಗೆ ಸಿಗುವುದು ಅಪರೂಪ.

ಕೌದಿ ಹಾಗಲ್ಲ. ಅದನ್ನು ಕಟ್ಟಿದ ರೀತಿಯಲ್ಲಿಯೇ ಅಡ್ಡಿಗಳಿಗೆಲ್ಲ ಜಾಗವಿದೆ. ಕುಕ್ಕರಿನ ಸೀಟಿ ಕೂಗಿತೆಂದು ಎದ್ದರೆ ಸೂಜಿಯನ್ನು ಅದೇ ಸಾಲಿನಲ್ಲಿ ಚುಚ್ಚಿಟ್ಟು ಹೋದರಾಯಿತು. ನಾಲ್ಕು ಮಗ್ಗುಲಿಗೂ ನಾಲ್ವರು ಕೂರಬಹುದು, ಒಬ್ಬರು ಎದ್ದು ಹೋದರೆ ಅವರ ಸಾಲನ್ನು ಇನ್ನೊಬ್ಬರು ಮುಂದುವರಿಸಬಹುದು. ಬಾಗಿಲಲ್ಲಿ ಮಾತನಾಡಿಸಲು ಬಂದ ಪಕ್ಕದ ಮನೆಯವರು ಮಾತು ಮುಗಿಯುವವರೆಗೆ ಅರ್ಧ ಸಾಲು ಹೊಲಿದು ಹೋಗುತ್ತಾರೆ. ರಾತ್ರಿ ಅದನ್ನೇ ಮಡಚಿ ಮೂಲೆಗೆ ಸರಿಸಿದರೆ ಪಡಸಾಲೆ ಮತ್ತೆ ಊಟಕ್ಕೆ ಸಿದ್ಧ. ಇಷ್ಟೆಲ್ಲ ಮುರಿದು ಮುರಿದು ನಡೆದ ಕೆಲಸದಿಂದ ಕೊನೆಗೆ ಹೊರಬರುವುದು ಒಡಕಿಲ್ಲದ ಒಂದು ವಸ್ತು. ಮನೆವಾರ್ತೆಯ ಹೆಂಗಸರಿಗೆ ಬಿಡುವಿಲ್ಲದ್ದರಿಂದ ಅವರ ಕೈಯಿಂದ ದೊಡ್ಡ ಕಲೆ ಬರಲಿಲ್ಲ ಎಂದು ಯಾರಾದರೂ ಬರೆದಾಗ ನನಗೆ ನೋವಾಗುತ್ತದೆ. ಬಿಡುವು ಸಿಗಲಿಲ್ಲ ಎಂಬುದು ನಿಜ, ಅದರ ಹಿಂದಿನ ಅನ್ಯಾಯವೂ ನಿಜ. ಆದರೆ ಅವರು ಬಿಡುವಿಗಾಗಿ ಕಾಯುತ್ತ ಕೂರಲಿಲ್ಲ. ತಮಗೆ ಸಿಕ್ಕ ತುಂಡು ಹೊತ್ತಿಗೆ, ತಮಗೆ ಸಿಕ್ಕ ತುಂಡು ಬಟ್ಟೆಗೆ ಸರಿಹೊಂದುವ ಕಲೆಯೊಂದನ್ನು ಕಂಡುಕೊಂಡರು. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ, ಎಲ್ಲವೂ ಇದೇ ಸರಳ ಹೊಲಿಗೆಯಿಂದ, ಇದೇ ಹಳೆಯ ಬಟ್ಟೆಯಿಂದ ಹುಟ್ಟಿದವು. ಅಷ್ಟು ದೂರದೂರದ ಹೆಂಗಸರಿಗೆ ಒಂದೇ ಉಪಾಯ ಹೊಳೆದಿದ್ದರೆ, ಅವರ ಮಧ್ಯಾಹ್ನಗಳೂ ಒಂದೇ ಬಗೆಯವಾಗಿದ್ದವು ಎಂದು ನಾನು ಊಹಿಸುತ್ತೇನೆ.

ಹಲವು ಕೈಗಳು ಸೇರಿದ್ದು ಕೌದಿಯ ಮೇಲೆ ಕಾಣುತ್ತದೆ. ಅತ್ತೆಯವರ ಹೊಲಿಗೆ ಜೋಳದ ಕಾಳಿನಷ್ಟು ಸಣ್ಣದು, ಸಮನಾದದ್ದು. ನನ್ನದು ಅದಕ್ಕಿಂತ ಉದ್ದ. ಮಗಳ ಸಾಲು ಎಡಕ್ಕೆ ಓರೆಯಾಗಿ ಸಾಗಿ, ತನಗೇ ಗೊತ್ತಾದಾಗ ಥಟ್ಟನೆ ನೇರವಾಗುತ್ತದೆ. ಒಮ್ಮೆ ನಾನು ಅವಳ ಸಾಲನ್ನು ಬಿಚ್ಚಲು ಕತ್ತರಿ ತೆಗೆದುಕೊಂಡಾಗ ಅತ್ತೆಯವರು ಕೈ ಹಿಡಿದು ತಡೆದರು. “ಬಿಚ್ಚಬ್ಯಾಡವ್ವಾ, ಅದು ಅಕಿ ಕೈ. ನಾಳೆ ಅಕೀನ ನೋಡಿ ಗುರ್ತು ಹಿಡೀತಾಳ.” ಅತ್ತೆಯವರಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಮಗಳು ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ, ಅವು ಸಂಜೆಯವರೆಗೆ ಸಾಕಾಗುತ್ತವೆ. ನಾನು ಕಾಲೇಜಿನಿಂದ ಬಂದಾಗ ಖಾಲಿಯಾದ ಸೂಜಿಗಳನ್ನು ನೋಡಿದರೆ ಅಂದು ಅವರ ಸೊಂಟ ನೋವು ಹೇಗಿತ್ತೆಂದು ಕೇಳದೆಯೇ ತಿಳಿಯುತ್ತದೆ.

ಮಗ ತಬಲಾ ಕಲಿಯುತ್ತಿದ್ದಾನೆ. ಹಿಂದೂಸ್ತಾನಿ ಸಂಗೀತ ಧಾರವಾಡದ ಮನೆಗಳಿಗೆ ಹೊರಗಿನದಲ್ಲ. ಮಲ್ಲಿಕಾರ್ಜುನ ಮನಸೂರರು ಬಾಳಿದ ‘ಮೃತ್ಯುಂಜಯ’ ಮನೆ ಇಂದು ಸ್ಮಾರಕವಾಗಿ ಈ ಊರಿನಲ್ಲೇ ಇದೆ, ಬಸವರಾಜ ರಾಜಗುರುಗಳು ಇದ್ದದ್ದೂ ಇಲ್ಲಿಯೇ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ ಕೂಗಳತೆಯಲ್ಲಿದೆ. ಅವನು ಪಡಸಾಲೆಯ ಇನ್ನೊಂದು ತುದಿಯಲ್ಲಿ ಕೂತು ಧಾ ಧಿನ್ ಧಿನ್ ಧಾ ಎಂದು ಹದಿನಾರು ಮಾತ್ರೆಯ ತೀನತಾಳವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ನುಡಿಸುವಾಗ, ಇತ್ತ ನಾವು ಸೂಜಿಗೆ ಹೊಲಿಗೆ ಏರಿಸುವುದೂ ದಾರ ಎಳೆಯುವುದೂ ನಮಗರಿವಿಲ್ಲದೆ ಅದರ ಲಯಕ್ಕೆ ಬೀಳುತ್ತವೆ. ಚಳಿ ಹೆಚ್ಚಾದಂತೆ ಅವನ ತಬಲಾದ ಶ್ರುತಿಯೂ ಬದಲಾಗುತ್ತದೆ. ಚರ್ಮಕ್ಕೆ ಹವೆಯ ತೇವ ಮತ್ತು ಒಣತನ ಎರಡೂ ಗೊತ್ತಾಗುವುದರಿಂದ, ಸುತ್ತಿಗೆಯಿಂದ ಬಡಿದು ಮತ್ತೆ ಮತ್ತೆ ಶ್ರುತಿ ಸೇರಿಸಿಕೊಳ್ಳಬೇಕು. ನನ್ನ ಯಜಮಾನರಿಗೆ ಸೂಜಿ ಹಿಡಿಯಲು ಬರುವುದಿಲ್ಲವಾದರೂ ಭಾನುವಾರ ಪದರ ಹಾಸುವ, ಬಿಗಿದು ಹಿಡಿಯುವ, ಮೇಣ ತಿಕ್ಕುವ ಕೆಲಸಗಳೆಲ್ಲ ಅವರವು, ಜೊತೆಗೆ ಎಲ್ಲರಿಗೂ ಕೇಳಿಸುವಂತೆ ಓದುವುದೂ ಅವರದೇ. ಮಧ್ಯಾಹ್ನದ ಊಟಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ಬೆಣ್ಣೆ. ಮೈಗೆ ಶಾಖ ಕೊಡುವ ಊಟವೆಂದು ಅತ್ತೆಯವರು ಹೇಳುವ ಇವೆಲ್ಲ ಚಳಿಗಾಲದ ಬಾಗಿಲಲ್ಲಿಯೇ ಅಡುಗೆಮನೆಗೆ ಬರುತ್ತವೆ.

ಕೌದಿಯ ಬಗ್ಗೆ ಬರೆಯುವಾಗ ಸಿದ್ದಿ ಹೆಂಗಸರನ್ನು ನೆನೆಯದೆ ಇರಲು ನನ್ನಿಂದಾಗದು. ನಮ್ಮ ಊರಿನಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹೊರಟರೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿ, ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ಬಂದವರ ಸಂತತಿಯಾದ ಸಿದ್ದಿ ಸಮುದಾಯ ನೆಲೆಸಿದೆ. ಅವರ ಕೌದಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನಾವು ತುಂಡುಗಳನ್ನೆಲ್ಲ ಮೊದಲೇ ಜೋಡಿಸಿ ನೋಡಿ ಆಮೇಲೆ ಹೊಲಿಗೆ ಹಾಕಿದರೆ, ಅವರು ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಒಳಕ್ಕೆ ಬರುವಾಗ ಸೂಜಿ ತಲುಪಿದ ಜಾಗಕ್ಕೆ ಆಗ ಬೇಕೆನಿಸಿದ ತುಂಡನ್ನು, ಅಂಚು ಒಳಕ್ಕೆ ಮಡಚಿ, ಸೇರಿಸುತ್ತ ಹೋಗುತ್ತಾರೆ. ಚಿತ್ರ ಹೊಲಿಗೆಯ ಜೊತೆಗೇ ಬೆಳೆಯುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಚಿ ಕೂರಿಸುವ ‘ಫುಲ’ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾಗುವುದಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳ ಸಿದ್ದಿಗಳಿದ್ದಾರೆ. ಕೆಲವರ ಕೌದಿಯ ನಡುವೆ ಶಿಲುಬೆ ಬರುತ್ತದೆ, ಕೆಲವರದರಲ್ಲಿ ಅರ್ಧಚಂದ್ರ, ಹೊಲಿಯುವ ಬಗೆ ಮಾತ್ರ ಎಲ್ಲರದೂ ಒಂದೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು, ಮತ್ತು 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. ನಮ್ಮ ಮನೆಯ ಮೂಲೆಗಳಲ್ಲಿ ತಲೆಮಾರುಗಳಿಂದ ಮಡಚಿಟ್ಟಿದ್ದ ವಸ್ತುವನ್ನು ಗೋಡೆಗೆ ತೂಗುಹಾಕಿ ಚಿತ್ರವೆಂದು ನೋಡಲು ದೂರದವರೊಬ್ಬರು ಬರಬೇಕಾಯಿತು ಎಂಬುದು ಯೋಚಿಸಬೇಕಾದ ಸಂಗತಿ. ಆದರೂ ಗೋಡೆಯ ಮೇಲಿನ ಕೌದಿಗಿಂತ ಮಗುವಿನ ಮೈಮೇಲಿನ ಕೌದಿಯೇ ನನಗೆ ಹೆಚ್ಚು ಚೆಂದ ಕಾಣುತ್ತದೆ.

ದುಡ್ಡಿಗಾಗಿ ಕೌದಿ ಹೊಲಿಯುವವರೂ ಇದ್ದಾರೆ. ಊರಿಂದೂರಿಗೆ ಹೋಗಿ, ಮನೆಯವರು ಕೊಟ್ಟ ಬಟ್ಟೆಯಲ್ಲೇ ಕೌದಿ ಹೊಲಿದುಕೊಡುವ ಅಲೆಮಾರಿ ಸಮುದಾಯಗಳ ಹೆಂಗಸರು ಅತ್ತೆಯವರ ಹಳ್ಳಿಗೂ ಬರುತ್ತಿದ್ದರು. ಜೋಳ, ಬೇಳೆ, ಒಂದಿಷ್ಟು ಹಣ ಅವರ ಕೂಲಿ. ಈಗ ನಗರದ ಮೇಳಗಳಲ್ಲಿ ಕೌದಿಗೆ ಬೇಡಿಕೆ ಇದೆ. ವಾರಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದದ್ದನ್ನು, ಹಳೆಯ ಬಟ್ಟೆಯದಲ್ಲವೇ ಎಂದು ಹೇಳಿ ಬೆಲೆ ಇಳಿಸಲು ಚೌಕಾಸಿ ಮಾಡುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಬೆಲೆ ಬಟ್ಟೆಗಲ್ಲ, ಕೈಗೆ. ಯಂತ್ರದಲ್ಲಿ ಹೊಲಿದ ಕೌದಿಯನ್ನೂ ನಾನು ಕೀಳಾಗಿ ಕಾಣುವುದಿಲ್ಲ, ಸೊಲ್ಲಾಪುರದ ಚಾದರಗಳೂ ಕುರುಬರ ಕಂಬಳಿಗಳೂ ನಮ್ಮ ಮನೆಯಲ್ಲಿವೆ. ದಖನಿ ಕುರಿಯ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕುಣಿಮಗ್ಗದಲ್ಲಿ ನೇಯ್ದ ಕರಿ ಕಂಬಳಿ ಹೊಲದ ರಾತ್ರಿಯ ಕಾವಲಿಗೆ ಹೇಳಿ ಮಾಡಿಸಿದ್ದು. ಕೌದಿ ಅಲ್ಲಿ ಇಬ್ಬನಿ ಕುಡಿದು ಭಾರವಾಗುತ್ತದೆ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಬಟ್ಟೆಯ ಸಂಗತಿ. ಅತ್ತೆಯವರ ಗಂಟುಗಳಲ್ಲಿ ನೂಲಿನ ಸೀರೆಗಳಿವೆ, ಅವ್ವ ಬಿಟ್ಟುಹೋದ ಪೆಟ್ಟಿಗೆಯಲ್ಲೂ ಇವೆ. ನನ್ನ ಕಪಾಟಿನಲ್ಲಿ ಇರುವವುಗಳಲ್ಲಿ ಅರ್ಧದಷ್ಟು ಪಾಲಿಯೆಸ್ಟರ್ ಬೆರೆತದ್ದು. ಅದು ಬೆವರು ಹೀರುವುದಿಲ್ಲ, ಪದರದೊಳಗೆ ಜಾರುತ್ತದೆ, ಎಷ್ಟು ವರ್ಷ ಉಟ್ಟು ಒಗೆದರೂ ಹತ್ತಿಯಂತೆ ಮೆದುವಾಗುವುದಿಲ್ಲ. ಕೌದಿ ಆಗಬೇಕಾದರೆ ಬಟ್ಟೆ ಮೊದಲು ಚೆನ್ನಾಗಿ ಹಳೆಯದಾಗಬೇಕು, ಈ ಬಟ್ಟೆಗಳು ಹಳೆಯವಾಗುವುದನ್ನೇ ಅರಿಯವು. ಮಕ್ಕಳ ಅಂಗಿಗಳದೂ ಇದೇ ಕಥೆ. ಆದ್ದರಿಂದ ಕೆಲವು ಕಾಲದಿಂದ ನಾನು ಸೀರೆ ಕೊಳ್ಳುವಾಗ, ಇದು ಮುಂದೆ ಕೌದಿಗೆ ಬಂದೀತೇ ಎಂದೂ ಯೋಚಿಸತೊಡಗಿದ್ದೇನೆ. ಈ ಒಂದು ಪ್ರಶ್ನೆಯಿಂದ ಅಂಗಡಿಯಲ್ಲಿ ನನ್ನ ಆಯ್ಕೆಯೇ ಬದಲಾಗಿದೆ. ಇಪ್ಪತ್ತು ವರ್ಷ ಉಡಬಹುದಾದ, ಆಮೇಲೆ ಇನ್ನೊಂದಿಷ್ಟು ವರ್ಷ ಹೊದೆಯಬಹುದಾದ ನೂಲಿನ ಸೀರೆಯೊಂದು ದುಬಾರಿಯೆಂದು ನನಗೀಗ ಅನಿಸುವುದಿಲ್ಲ.

ಈ ವರ್ಷದ ಕೌದಿ ನನ್ನ ನಾದಿನಿಗೆ. ಪುಣೆಯಲ್ಲಿರುವ ಅವಳು ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ಬರುತ್ತಾಳೆ. ಆ ದಿನ ಎಲ್ಲರೂ ಅತ್ತೆಯವರ ಹಳ್ಳಿಗೆ ಹೋಗಿ, ನಿಂತ ಜೋಳದ ಬೆಳೆಗೆ ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಅಲ್ಲಿಯೇ ಸಾಲಾಗಿ ಕೂತು ಉಣ್ಣುವುದು ತಪ್ಪದ ಪದ್ಧತಿ. ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಬದನೆಕಾಯಿ ಭರತ, ಮೊಸರನ್ನದ ಬುತ್ತಿಯ ಜೊತೆಗೆ ಕೌದಿಯನ್ನೂ ಅವಳಿಗೆ ಕೊಡಬೇಕೆಂಬುದು ಅತ್ತೆಯವರ ಬಯಕೆ. ಮೊನ್ನೆ ಫೋನಿನಲ್ಲಿ ಅವಳು ಮೊದಲು ಕೇಳಿದ್ದು ತನ್ನ ಸೀರೆಯ ಬಗ್ಗೆ. “ಅವ್ವಾ, ನನ್ನ ಹಸಿರು ಸೀರಿ ಹಾಕೀರೇನು? ಕಾಲೇಜಿಗೆ ಮೊದಲ ದಿನ ಉಟ್ಟಿದ್ದು?” ಹಾಕಿದ್ದೇವೆ, ಮೇಲ್ಮುಖದ ಎಡಬದಿಗೆ, ಮಗಳ ಹಳದಿ ತುಂಡುಗಳ ಪಕ್ಕದಲ್ಲಿಯೇ ಅದು ಬಂದಿದೆ.

ಹೊಲಿಗೆಯ ಸಾಲುಗಳು ನಾಲ್ಕು ಕಡೆಯಿಂದಲೂ ಒಳಕ್ಕೆ ಬಂದು, ಈಗ ನಟ್ಟನಡುವೆ ಎರಡು ಗೇಣು ಜಾಗ ಉಳಿದಿದೆ. ಕೌದಿಯನ್ನು ಮುಚ್ಚುವ ಮೊದಲು ಅದರ ಹೊಟ್ಟೆ ತುಂಬಿಸಬೇಕು ಎಂಬುದು ಅತ್ತೆಯವರ ಮನೆಯ ನಡೆ. ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಒಳಗಿಟ್ಟು ನಡುವಿನ ತುಂಡನ್ನು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರನ್ನೂ ಹಸಿವೆಯಲ್ಲಿಡುತ್ತದೆ ಎಂದು ಅವರ ನಂಬಿಕೆ. ಆ ನಡುವಿನ ತುಂಡು ಯಾವುದಾಗಬೇಕು ಎಂಬ ಚರ್ಚೆ ನಮ್ಮ ಮನೆಯಲ್ಲಿ ವಾರದಿಂದ ನಡೆದಿದೆ. ಮಗಳಿಗೆ ತನ್ನ ಹಳೆಯ ಶಾಲಾ ಸಮವಸ್ತ್ರದ ತುಂಡು ಬರಬೇಕೆಂಬ ಆಸೆ, ಅಜ್ಜಿಗೆ ಗಿರಿ ಕುಂಕುಮ ಬಣ್ಣದ ತಮ್ಮ ಮದುವೆಯ ಸೀರೆಯ ಕೊನೆಯ ತುಂಡು ಹಾಕುವ ಮನಸ್ಸು. ಸಮವಸ್ತ್ರದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿರುವುದರಿಂದ ನಾನು ಅಜ್ಜಿಯ ಪರ ನಿಂತೆ. ಮಗಳು ತನ್ನ ಸಮವಸ್ತ್ರದ ತುಂಡನ್ನು ತೆಗೆದು ತನ್ನದೇ ಬೇರೆ ಗಂಟಿಗೆ ಸೇರಿಸಿಕೊಂಡಿದ್ದಾಳೆ. ಆದರೆ ಆ ಎರಡು ಗೇಣನ್ನು ನಾವು ಯಾರೂ ಹೊಲಿಯುವುದಿಲ್ಲ. ನಾದಿನಿ ಅಮಾವಾಸ್ಯೆಗೆ ಎರಡು ದಿನ ಮುಂಚೆಯೇ ಬರಲಿ, ಬಂದು ತನ್ನ ಕೈಯಿಂದ ಅದನ್ನು ಮುಗಿಸಲಿ, ತಾನು ಹೊದೆಯುವುದರಲ್ಲಿ ತನ್ನ ಹೊಲಿಗೆಯೂ ಇರಲಿ ಎಂದು ಅತ್ತೆಯವರು ತೀರ್ಮಾನಿಸಿದ್ದಾರೆ. ಅವಳಿಗೂ ತಿಳಿಸಿದ್ದೇವೆ. ಬಹಳ ವರ್ಷಗಳಿಂದ ಸೂಜಿ ಹಿಡಿದಿಲ್ಲ, ಸಾಲು ಸೊಟ್ಟಗಾದೀತು ಎಂದು ಅವಳು ಹಿಂಜರಿದಾಗ ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಮಗಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡು, “ಅತ್ಯಾ, ನೀ ಬಾ, ಸೂಜಿಗೆ ದಾರ ನಾ ಪೋಣಿಸಿ ಕೊಡತೀನಿ” ಎಂದಳು.